ಶಿಶುಗಳ ಗುರು ಫ್ರೋಬೆಲ್ ಮಹಾಶಯರು

ತಾಯಿಯಿಲ್ಲದೆ ಬೆಳೆದ ಒಬ್ಬ ಬಾಲಕನು ಮುಂದೆ ಲೋಕದ ತಾಯಂದಿರಿಗೆಲ್ಲ ಕೂಸನ್ನು ಆಡಿಸುವ ಬಗೆಯನ್ನು ಕಲಿಸಿಕೊಟ್ಟನೆಂಬುದು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಮರೆಯಬಾರದ ಸಂಗತಿಯಾಗಿದೆ. ಆತನೇ ಬಾಲೋದ್ಯಾನವೆಂಬ ಅರ್ಥವುಳ್ಳ ಕಿಂಡರ್‌ಗಾರ್ಟನ್ ಪದ್ಧತಿಯ ಜನಕನಾದ ಫ್ರೀಡ್ರಿಕ್ ಫ್ರೋಬೆಲ್. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಇಂದು ತಾಯಂದಿರೂ, ಕೆಲವರು ಅಜ್ಜಿಯರೂ ಆಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಸಂಸಾರ ನಡಿಸುತ್ತಿರುವರು. ಆದಕಾರಣ ಈ ಮಹನೀಯರ ಚರಿತ್ರವನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುವುದು ಉಚಿತವೆಂದು ನಾವು ಭಾವಿಸಿದೆವು.

ಫ್ರೋಬೆಲರು 1782ನೆಯ ಇಸವಿ ಏಪ್ರಿಲ್ 21ರಂದು ಜರ್ಮನಿ ದೇಶದ ತುರಿಂಗಿಯಾ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಯವರು ಲೂಥರನ್ ಸಭಾಪಾಲಕರು. ಕೂಸಿಗೆ ಒಂಬತ್ತು ತಿಂಗಳಾಗಿದ್ದಾಗಲೇ ತಾಯಿ ತೀರಿಕೊಂಡರು. ಒಂಬತ್ತು ತಿಂಗಳೆಂದರೆ ಕೂಸು ಅಂಬೆಗಾಲಿಕ್ಕಿ ತಾಯಿಯನ್ನು ಅರಸಿಕೊಂಡು ಬರುವ ಕಾಲ, ಅವಳ ಮುಖ ನೋಡಿ ಚಪ್ಪಾಳೆ ತಟ್ಟುವ ಕಾಲ. ತಂದೆಯವರಿಗೆ ಸಭೆಯ ಕೆಲಸವೇ ಅಧಿಕ. ಮಲತಾಯಿಯು ಮೊದಮೊದಲು ಪ್ರೀತಿ ತೋರಿದರೂ ತನಗೊಂದು ಮಗು ಹುಟ್ಟಿದ ಮೇಲೆ ಈ ಬಾಲಕನನ್ನು ಮಗನೆಂಬ ಸಲಿಗೆಯಿಂದ ಮಾತನಾಡಿಸುವುದನ್ನು ಬಿಟ್ಟು, ಹೊರಗಿನವರಿಗೆ ಸಲ್ಲುವ ಪದದಿಂದ ಕರೆಯತೊಡಗಿದಳು. ಆ ಒಂದು ಪದದ ನೋವು ಪ್ರಾಯಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೂ ಅವರ ಮನಸ್ಸಿನಿಂದ ಅಳಿಯಲಿಲ್ಲ. ತಂದೆಯವರು ಹುಡುಗನನ್ನು ಊರಿನ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಸಂತೋಷದಿಂದ ಓದುವರು. ಹತ್ತು ವರ್ಷ ವಯಸ್ಸಾದಾಗ ಸೋದರಮಾವನವರು ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಬಾಲಕನಿಗೆ ಮೊದಲ ಸಾರಿ ಅಂತಃಕರಣದ ಆರೈಕೆಯೂ ಓರಗೆಯವರ ಆಟವೂ ದೊರೆತವು.

ಮುಂದೆ ಅವರು ಅರಣ್ಯಾಧಿಕಾರಿಯೊಬ್ಬರಲ್ಲಿ ಕೆಲಸ ಕಲಿತರು. ಯೇನಾ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಓದಿದರು. 1805ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಶಿಕ್ಷಕರಾದಾಗ ತಮ್ಮ ಜೀವನದ ಕರೆಯು ಇದೇ ಎಂದು ಅವರಿಗೆ ತಿಳಿಯಿತು. ಆಗ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲಾಟ್ಸಿ ಎಂಬ ಪ್ರಸಿದ್ಧ ಗುರುಗಳು, ಮಗುವಿನ ಮೊದಲ ಶಿಕ್ಷಕಿ ತಾಯಿಯೇ ಎಂದು ಬೋಧಿಸುತ್ತಿದ್ದರು. ಫ್ರೋಬೆಲರು 1808ರಿಂದ 1810ರ ವರೆಗೆ ಅವರ ಬಳಿಯಲ್ಲಿದ್ದು ಆ ಪದ್ಧತಿಯನ್ನು ಅಭ್ಯಸಿಸಿದರು. 1817ರಲ್ಲಿ ಕೈಲ್‌ಹೌ ಎಂಬ ಹಳ್ಳಿಯಲ್ಲಿ ತಮ್ಮ ಶಾಲೆಯನ್ನು ನೆಲೆಗೊಳಿಸಿದರು. ಅಲ್ಲಿಯೂ ಬಳಿಕ ಸ್ವಿಟ್ಜರ್ಲೆಂಡಿನ ಬುರ್ಗ್‌ಡೋರ್ಫ್ ಅನಾಥಾಲಯದಲ್ಲಿಯೂ ಪಡೆದ ಅನುಭವದಿಂದ ಅವರಿಗೆ ಒಂದು ಸತ್ಯವು ಗೋಚರವಾಯಿತು. ಮಗುವು ಶಾಲೆಯ ಹೊಸ್ತಿಲು ದಾಟುವ ಮೊದಲೇ ಅದರ ಬುದ್ಧಿ ಶರೀರಗಳಿಗೆ ಅಸ್ತಿವಾರ ಬಿದ್ದಿರುವುದು. ಆ ಅಸ್ತಿವಾರವನ್ನು ಹಾಕುವವಳು ತಾಯಿ, ಹಾಕುವ ಸಾಧನವು ಆಟ.

ಈ ನಂಬಿಕೆಯಿಂದ ಅವರು 1840ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನ ತಮ್ಮ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಮಕ್ಕಳಿಗಾಗಿ ಅವರು ರಚಿಸಿದ ಆಟದ ಸಾಮಾನುಗಳಲ್ಲಿ ಮೊದಲನೆಯದು ಆರು ಬಣ್ಣದ ಮೆತ್ತನೆಯ ಉಣ್ಣೆಯ ಚೆಂಡುಗಳು. ದಾರಕ್ಕೆ ಕಟ್ಟಿದ ಚೆಂಡನ್ನು ತಾಯಿಯು ಕೂಸಿನ ಮುಂದೆ ಅತ್ತ ಇತ್ತ, ಮೇಲೆ ಕೆಳಗೆ ತೂಗುವಳು. ಕೂಸಿನ ಕಣ್ಣು ಅದರ ಬೆನ್ನು ಹತ್ತುವುದು, ಕೈ ಚಾಚುವುದು, ತಪ್ಪುವುದು, ಪುನಃ ಚಾಚಿ ಹಿಡಿಯುವುದು. ಇಷ್ಟರಲ್ಲಿಯೇ ಕಣ್ಣಿಗೂ ಕೈಗೂ ಸ್ನೇಹ ಬೆಳೆಯುವುದು.

1844ರಲ್ಲಿ ಅವರು ತಾಯಂದಿರಿಗಾಗಿ ಚಿತ್ರಗಳೊಡನೆ ಹಾಡು ಆಟಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಅದಕ್ಕಾಗಿ ಹಳ್ಳಿಯ ತಾಯಂದಿರು ತಮ್ಮಷ್ಟಕ್ಕೆ ತಾವೇ ಕೂಸನ್ನು ಆಡಿಸುವ ಬಗೆಯನ್ನು ಅವರು ಶ್ರದ್ಧೆಯಿಂದ ನೋಡಿದ್ದರು. ಅದರ ಮೊದಲ ಆಟವು ಕಾಲು ಒದೆಯುವುದು. ಅಂಗಾತ ಮಲಗಿದ ಕೂಸು ಕಾಲು ಝಾಡಿಸುವಾಗ ತಾಯಿಯು ತನ್ನ ಅಂಗೈಯನ್ನು ಅಡ್ಡ ಹಿಡಿಯುವಳು. ಕೂಸು ಅದನ್ನು ಒದ್ದು ತನ್ನ ಬಲವನ್ನು ತಾನೇ ಅರಿಯುವುದು. ಇನ್ನೊಂದರಲ್ಲಿ ಕೂಸನ್ನು ಮೆತ್ತೆಯ ಮೇಲೆ ಸ್ವಲ್ಪವೇ ಬೀಳಗೊಟ್ಟು ಎತ್ತಿಕೊಳ್ಳುವರು; ಇದರಿಂದ ಮೈಯ ಸಮತೋಲವೂ ಮನಸ್ಸಿನ ಧೈರ್ಯವೂ ಬರುವವು. ಗೋಪುರದ ಮೇಲೆ ಗಾಳಿಗೆ ತಿರುಗುವ ಲೋಹದ ಹುಂಜವನ್ನು ಅನುಕರಿಸಿ ಅಂಗೈ ತಿರುಗಿಸುವುದು ಮತ್ತೊಂದು. ನಮ್ಮ ಅಜ್ಜಿಯರು ತಾರಮ್ಮಯ್ಯ ಆಡಿಸುವುದು ಇದೇ ಅಲ್ಲವೇ? ಅಂಗೈಗಳನ್ನು ಬಡಿದು ಕಣಕದ ತಿಂಡಿ ಮಾಡುವ ಆಟವೂ ಅದರಲ್ಲಿದೆ. ನಮ್ಮ ಕಡೆಯ ಕೂಸು ತಾಯಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ ತಾನೂ ಪುಟ್ಟ ಅಂಗೈಯಿಂದ ನೆಲ ಬಡಿಯುವುದನ್ನು ಯಾರು ಕಂಡಿಲ್ಲ?

ಫ್ರೋಬೆಲರು ಕಂಡುದನ್ನು ಇಂದಿನ ಶಾಸ್ತ್ರವೂ ಬಹುಮಟ್ಟಿಗೆ ಒಪ್ಪುವುದು. ಕೂಸು ಮೊದಲು ಕತ್ತು ನಿಲ್ಲಿಸಿ, ಬಳಿಕ ಹೊರಳಿ, ಕುಳಿತು, ನಿಂತು, ನಡೆಯುವುದು ಸಾಮಾನ್ಯ ಕ್ರಮ. ಆದರೆ ಎಲ್ಲ ಕೂಸುಗಳೂ ಒಂದೇ ತಿಂಗಳಿನಲ್ಲಿ ಅದನ್ನು ಸಾಧಿಸುವುದಿಲ್ಲ. ಭಾರತವೂ ಸೇರಿ ಐದು ದೇಶಗಳ ಕೂಸುಗಳನ್ನು ಪರೀಕ್ಷಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಲೆಕ್ಕದ ಮೇರೆಗೆ, ಆರೋಗ್ಯವಂತ ಕೂಸು ಸುಮಾರು 8ನೆಯ ತಿಂಗಳಿನಿಂದ 18ನೆಯ ತಿಂಗಳೊಳಗೆ ಯಾವಾಗಲಾದರೂ ತಾನಾಗಿ ನಡೆಯಬಹುದು. ಆದ್ದರಿಂದ ನೆರೆಮನೆಯ ಕೂಸಿನೊಡನೆ ಹೋಲಿಸಿ ಯಾವ ತಾಯಿಯೂ ಕೊರಗಬೇಕಾಗಿಲ್ಲ. ಆ ಅವಧಿ ಮೀರಿದರೆ ವೈದ್ಯರಿಗೆ ತೋರಿಸುವುದು ಯುಕ್ತ.

ಇಂತಹ ನಿರಪರಾಧಿಯಾದ ಕೆಲಸಕ್ಕೂ ವಿಘ್ನ ಬಂದಿತು. ಅವರ ಅಣ್ಣನ ಮಗನಾದ ಕಾರ್ಲ್ ಫ್ರೋಬೆಲರ ಬರವಣಿಗೆಯನ್ನು ಇವರದೆಂದು ತಪ್ಪು ತಿಳಿದು ಪ್ರಷ್ಯದ ಸರಕಾರವು 1851ರಲ್ಲಿ ಬಾಲೋದ್ಯಾನಗಳನ್ನು ನಿಷೇಧಿಸಿತು. ವೃದ್ಧರು ಎಷ್ಟು ವಿವರಿಸಿದರೂ ಆಜ್ಞೆ ಹಿಂತಿರುಗಲಿಲ್ಲ. 1852ನೆಯ ಇಸವಿ ಜೂನ್ 21ರಂದು ಅವರು ದೇವರಡಿ ಸೇರಿದರು. ನಿಷೇಧವು ರದ್ದಾದುದು 1860ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಆದರೆ ಅವರಿಂದ ತರಬೇತಿ ಹೊಂದಿದ ಸ್ತ್ರೀಯರು ಆ ಪದ್ಧತಿಯನ್ನು ದೇಶದೇಶಗಳಿಗೆ ಒಯ್ದರು. ಕನ್ನಡ ನಾಡಿನ ಘಟ್ಟಗಳ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ ಇದನ್ನು ಕಲಿತು ಬಂದು, 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು.

ಈ ಚರಿತ್ರದಿಂದ ನಾವು ಗ್ರಹಿಸಬೇಕಾದುದೇನು? ಕೃಷ್ಣಾತೀರದ ಕಬ್ಬಿನ ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ದುಡಿಯುವ ತಾಯಿಗೆ ಬೆಲೆಬಾಳುವ ಆಟಿಕೆ ಬೇಡ. ಬಿಡುವಿನ ಗಳಿಗೆಯಲ್ಲಿ ಅವಳ ಅಂಗೈಯೇ ಸಾಕು. ನಿಪ್ಪಾಣಿಯ ಕಡೆ ಬೀಡಿ ಕಟ್ಟುವ ತಾಯಿಯ ಬಳಿ ಕುಳಿತ ಕೂಸು ಅವಳ ಬೆರಳುಗಳನ್ನೇ ಅನುಕರಿಸುವುದು. ಕೈಗೆ ಸಿಕ್ಕುದನ್ನು ಬಾಯಿಗಿಡುವುದು ಕೂಸಿನ ಸ್ವಭಾವವಾದುದರಿಂದ ತಂಬಾಕನ್ನು ದೂರವಿಟ್ಟು ಮರದ ಚಮಚವನ್ನೋ ಬಟ್ಟೆಯ ಚೆಂಡನ್ನೋ ಕೊಡತಕ್ಕದ್ದು. ಅಳುವ ಕೂಸಿನ ಮುಂದೆ ಮೊಬೈಲ್ ಹಿಡಿಯುವ ರೂಢಿ ಹೆಚ್ಚಿದೆ; ಆ ಚಿತ್ರವು ಕೂಸಿನ ಕಾಲಿಗೆ ಅಂಗೈ ಒಡ್ಡಲಾರದು. ಒಂದು ವರ್ಷದೊಳಗಿನ ಕೂಸಿಗೆ ಅದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ.

ಪಾಲಕರಲ್ಲಿ ನಮ್ಮ ಮತ್ತೊಂದು ವಿಜ್ಞಾಪನೆ. ಅಕ್ಕನು ತಮ್ಮನನ್ನು ಟೊಂಕದ ಮೇಲೆ ಎತ್ತಿ ಆಡಿಸುವುದು ನೋಡಲು ಚೆಂದ. ಆದರೆ ಅದಕ್ಕಾಗಿ ಅವಳ ಶಾಲೆಯನ್ನು ಬಿಡಿಸುವುದು ಚೆಂದವಲ್ಲ. ಇಂದು ಓದುವ ಹುಡುಗಿಯೇ ನಾಳೆ ತಿಳಿದ ತಾಯಿಯಾಗುವಳು. ತಾಯಿಯ ಆಟವನ್ನು ಕಾಣದೆ ಬೆಳೆದ ಆ ಸಭಾಪಾಲಕರ ಮಗನು ಅದನ್ನು ಸರ್ವರ ಮಕ್ಕಳಿಗೂ ದೊರಕಿಸಲು ಬಾಳನ್ನು ಸವೆಸಿದನು. ನಮಗೆ ದೊರೆತುದನ್ನು ನಮ್ಮ ಕೂಸುಗಳಿಗೆ ಧಾರಾಳವಾಗಿ ಕೊಡುವ ಬುದ್ಧಿಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.