ಹಿಟ್ಟಿನ ಹುಳುವಿನಲ್ಲಿ ಉತ್ತರ ಕಂಡ ನೆಟ್ಟಿ ಸ್ಟೀವನ್ಸ್

ಕಳೆದ ವರ್ಷ ನಮ್ಮ ಚಾಚಿಗೆ ಐವಿಎಫ್ ಚಿಕಿತ್ಸೆ ನಡೆಯಿತು. ಮೊದಲನೆಯದು ಹೆಣ್ಣುಮಗು, ಆಮೇಲೆ ಏಳು ವರ್ಷ ಮಕ್ಕಳಾಗಿರಲಿಲ್ಲ. ಐದನೇ ದಿನದ ಭ್ರೂಣಕ್ಕೆ 4ಎಬಿ ಎಂದು ಗ್ರೇಡ್ ಬರೆದ ಚೀಟಿ ಮನೆಗೆ ಬಂದಾಗ ದಾದೀಮಾ ಕೇಳಿದ್ದು ಒಂದೇ ಮಾತು, ಇದು ಗಂಡಿನ ನಂಬರೋ ಹೆಣ್ಣಿನ ನಂಬರೋ ಎಂದು. ಪಿಯುಸಿಯಲ್ಲಿ ಸೈನ್ಸ್ ಓದುತ್ತೇನೆಂದು ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅದರಲ್ಲಿ 4 ಅಂದರೆ ಭ್ರೂಣ ಎಷ್ಟು ಹಿಗ್ಗಿದೆ ಎಂಬ ಲೆಕ್ಕ. ಮೊದಲ ಅಕ್ಷರ ಮುಂದೆ ಮಗುವಾಗುವ ಒಳಗಿನ ಜೀವಕೋಶಗಳಿಗೆ, ಎರಡನೆಯದು ಮಾಸು ಆಗುವ ಹೊರಪದರಕ್ಕೆ. ಮೈಕ್ರೋಸ್ಕೋಪಿನಲ್ಲಿ ರೂಪ ನೋಡಿ ಕೊಡುವ ಅಂಕ ಅಷ್ಟೇ. ಗಂಡೋ ಹೆಣ್ಣೋ ಎಂಬುದು ಅದರಿಂದ ತಿಳಿಯುವುದಿಲ್ಲ. ಲಿಂಗ ನೋಡಿ ಭ್ರೂಣ ಆರಿಸುವುದು ನಮ್ಮ ದೇಶದಲ್ಲಿ ಅಪರಾಧ. 1994ರ ಕಾನೂನನ್ನು 2003ರಲ್ಲಿ ಗರ್ಭ ಕಟ್ಟುವ ಮುಂಚಿನ ಆಯ್ಕೆಗೂ ವಿಸ್ತರಿಸಿದ್ದಾರೆ.

ಹಾಗಾದರೆ ಅದು ನಿರ್ಧಾರವಾಗುವುದು ಎಲ್ಲಿ? ಇದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಹೆಸರು ನೆಟ್ಟಿ ಮರಿಯಾ ಸ್ಟೀವನ್ಸ್. ನಮ್ಮ ಜೀವಶಾಸ್ತ್ರದ ಪಾಠದಲ್ಲಿ ಹೆನ್ಕಿಂಗ್ ಇದ್ದಾರೆ, ಮಾರ್ಗನ್ ಇದ್ದಾರೆ. ಇವರು ನನಗೆ ಕಾಣಲಿಲ್ಲ.

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನಲ್ಲಿ. ತಂದೆ ಬಡಗಿ. ತಾಯಿ ಬೇಗ ತೀರಿಕೊಂಡರು. ಓದಿನಲ್ಲಿ ಸದಾ ಮುಂದಿದ್ದರೂ ಆ ಕಾಲದ ಹುಡುಗಿಗೆ ತೆರೆದಿದ್ದ ದಾರಿ ಟೀಚರ್ ಕೆಲಸ. ಅದನ್ನೇ ಮಾಡಿದರು, ಲೈಬ್ರರಿಯಲ್ಲೂ ದುಡಿದರು, ದುಡ್ಡು ಕೂಡಿಟ್ಟರು. 1896ರಲ್ಲಿ ದೇಶದ ಆ ಕೊನೆಯಲ್ಲಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಡಿಗ್ರಿಗೆ ಸೇರಿದಾಗ ಅವರ ವಯಸ್ಸು 35! ಒಂದು ವರ್ಷ ಡ್ರಾಪ್ ಆದರೆ ಬದುಕೇ ಮುಗಿಯಿತು ಎಂದುಕೊಳ್ಳುವ ನಮ್ಮ ಗೆಳತಿಯರು ಇದನ್ನು ಎರಡು ಸಲ ಓದಲಿ. ಮುಂದೆ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ 1903ರಲ್ಲಿ ಪಿಎಚ್.ಡಿ. ಪಡೆದರು. ನಡುವೆ ನೇಪಲ್ಸ್ ಮತ್ತು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲೂ ಕೆಲಸ ಕಲಿತರು.

ಗರ್ಭಿಣಿ ತಿಂದ ಆಹಾರ, ಸುತ್ತಲಿನ ಶಾಖ ಇಂಥವೇ ಗಂಡು-ಹೆಣ್ಣನ್ನು ತೀರ್ಮಾನಿಸುತ್ತವೆಂದು ಆಗ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. ನೆಟ್ಟಿ ಕೈಗೆತ್ತಿಕೊಂಡದ್ದು ಹಳೆಯ ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳು, ಟೆನೆಬ್ರಿಯೊ. ಅದರ ಅಂಗಾಂಶವನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಕ್ರೋಮೋಸೋಮುಗಳನ್ನು ಎಣಿಸಿದರು. ಹೆಣ್ಣಿನ ಜೀವಕೋಶದಲ್ಲಿ ಇಪ್ಪತ್ತೂ ದೊಡ್ಡವು. ಗಂಡಿನದರಲ್ಲಿ ಹತ್ತೊಂಬತ್ತು ದೊಡ್ಡವು, ಒಂದು ಮಾತ್ರ ಚಿಕ್ಕದು. ಅಂಡಾಣುಗಳೆಲ್ಲ ಒಂದೇ ಬಗೆ, ಹತ್ತು ದೊಡ್ಡವು. ವೀರ್ಯಾಣುಗಳಲ್ಲಿ ಎರಡು ಬಗೆ: ಅರ್ಧದಷ್ಟರಲ್ಲಿ ಹತ್ತು ದೊಡ್ಡವು, ಉಳಿದರ್ಧದಲ್ಲಿ ಒಂಬತ್ತು ದೊಡ್ಡವು ಮತ್ತು ಆ ಚಿಕ್ಕದು. ಚಿಕ್ಕದಿರುವ ವೀರ್ಯಾಣು ಸೇರಿದರೆ ಗಂಡು, ಇಲ್ಲದ್ದು ಸೇರಿದರೆ ಹೆಣ್ಣು. ಇದನ್ನು ಅವರು 1905ರಲ್ಲಿ ಪ್ರಕಟಿಸಿದರು. ಆ ಚಿಕ್ಕದಕ್ಕೆ ಇಂದಿನ ಹೆಸರು ವೈ. ಮನುಷ್ಯರಲ್ಲೂ ಲೆಕ್ಕ ಹೀಗೆಯೇ, ತಾಯಿಯಿಂದ ಬರುವುದು ಎಕ್ಸ್ ಮಾತ್ರ.

ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಪ್ಪತ್ತು ಕಡ್ಡಿ ಬರೆದು ದಾದೀಮಾಗೆ ತೋರಿಸಿದೆ. ಹೆಣ್ಣಾಗಲಿ ಗಂಡಾಗಲಿ ಅಲ್ಲಾಹನ ಕೊಡುಗೆ ಎಂದು ದಿನಕ್ಕೆ ಹತ್ತು ಸಲ ಹೇಳುವವರು ಅವರೇ. ಆದರೂ ಮೊದಲನೆಯದು ಹೆಣ್ಣಾಯಿತೆಂದು ಏಳು ವರ್ಷ ಮಾತು ಕೇಳಿದ್ದು ಚಾಚಿ. ಆ ಚಿಕ್ಕ ಕಡ್ಡಿ ಯಾರ ಕಡೆಯದು ಎಂದು ದಾದೀಮಾ ಕೇಳಿದರು. ಚಾಚಾನ ಕಡೆಯದೆಂದೆ. ಚಾಚಾ ಅಸರ್ ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು.

ಅದೇ 1905ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ಮಂಡ್ ವಿಲ್ಸನ್ ಬೇರೆ ಕೀಟಗಳಲ್ಲಿ ಸ್ವತಂತ್ರವಾಗಿ ಇಂಥದ್ದನ್ನೇ ಕಂಡಿದ್ದರು. ಅವರು ಆಗಲೇ ಹೆಸರುವಾಸಿ, ಹಾಗಾಗಿ ಬಹುಕಾಲ ಕೀರ್ತಿ ಹೆಚ್ಚಾಗಿ ಅವರಿಗೇ ಹೋಯಿತು. ಆದರೆ ಲಿಂಗ ನಿರ್ಧಾರ ಕ್ರೋಮೋಸೋಮಿನದೇ ಎಂದು ಹೆಚ್ಚು ಖಚಿತವಾಗಿ ನಿಂತವರು ನೆಟ್ಟಿ. ಅವರಿಗೆ ಪಾಠ ಹೇಳಿದ್ದ ಥಾಮಸ್ ಹಂಟ್ ಮಾರ್ಗನ್ ಕೂಡ ಆಗ ಇದನ್ನು ಒಪ್ಪಿರಲಿಲ್ಲ. 1910ರಲ್ಲಿ ಬಿಳಿಗಣ್ಣಿನ ಹಣ್ಣುನೊಣ ಸಿಕ್ಕ ಮೇಲೆಯೇ ಅವರ ಮನಸ್ಸು ಬದಲಾಯಿತು. 1933ರಲ್ಲಿ ನೊಬೆಲ್ ಬಂದದ್ದು ಮಾರ್ಗನ್‌ಗೆ.

ನೆಟ್ಟಿ ಅದನ್ನು ನೋಡಲಿಲ್ಲ. ಪಿಎಚ್.ಡಿ. ಬಳಿಕ ಅವರಿಗೆ ಸಿಕ್ಕಿದ್ದು ಒಂಬತ್ತೇ ವರ್ಷ. ಅಷ್ಟರಲ್ಲಿ ಹತ್ತಾರು ಜಾತಿಯ ಜೀರುಂಡೆ, ನೊಣಗಳನ್ನು ಪರೀಕ್ಷಿಸಿದ್ದರು. ಬ್ರಿನ್ ಮಾರ್ ಕಾಲೇಜು ಕೊನೆಗೂ ಅವರಿಗೆಂದೇ ಸಂಶೋಧನಾ ಪ್ರಾಧ್ಯಾಪಕ ಹುದ್ದೆ ಸೃಷ್ಟಿಸಿತು. ಆ ಕುರ್ಚಿಯಲ್ಲಿ ಕೂರುವ ಮೊದಲೇ, 1912ರ ಮೇ 4ರಂದು, ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 50 ವರ್ಷ.