ನೀರು ಕಡೆದು ಬಿಸಿ ಮಾಡಿದ ಜೌಲ್

ಗೆಳೆಯರೇ, ಶಕ್ತಿಯ ಏಕಮಾನ ಜೌಲ್ ಎಂದು ಪಾಠದಲ್ಲಿ ಓದಿದ್ದೇವೆ. ಅದು ಒಬ್ಬ ಮನುಷ್ಯನ ಹೆಸರು. ಅವರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಬರೆದಿದ್ದೇನೆ.

ಜೇಮ್ಸ್ ಪ್ರೆಸ್ಕಾಟ್ ಜೌಲ್ 1818ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ ಜನಿಸಿದರು. ಮನೆಯವರದು ಬಿಯರ್ ತಯಾರಿಸುವ ಕಾರ್ಖಾನೆ. ಚಿಕ್ಕಂದಿನಲ್ಲಿ ಆರೋಗ್ಯ ಅಷ್ಟಕ್ಕಷ್ಟೇ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಅವರಿಗೆ ಪಾಠ ಹೇಳಿದರು. ಮುಂದೆ ಕಾರ್ಖಾನೆ ನೋಡಿಕೊಳ್ಳುತ್ತಲೇ ಪ್ರಯೋಗ ಮಾಡಿದರು.

ಆಗ ಅನೇಕರು ಉಷ್ಣ ಅಂದ್ರೆ ಕಣ್ಣಿಗೆ ಕಾಣದ ಒಂದು ದ್ರವ ಅಂತ ನಂಬಿದ್ದರು. ಕೆಲಸವೇ ಉಷ್ಣವಾಗುತ್ತದೆ ಎಂದು ಜೌಲ್ 1843ರಲ್ಲಿ ಹೇಳಿದಾಗ ಹೆಚ್ಚು ಜನ ಕಿವಿಗೊಡಲಿಲ್ಲ. 1844ರಲ್ಲಿ ಅವರ ಒಂದು ಪ್ರಬಂಧವನ್ನು ರಾಯಲ್ ಸೊಸೈಟಿ ತನ್ನ ಪತ್ರಿಕೆಗೆ ತೆಗೆದುಕೊಳ್ಳಲಿಲ್ಲ. ಆದರೂ ಅವರು ಬಿಡಲಿಲ್ಲ ನೋಡಿ!

ನೀರಿನ ಪಾತ್ರೆಯಲ್ಲಿ ರೆಕ್ಕೆಗಳಿರುವ ಚಕ್ರ ಇಟ್ಟರು. ದಾರಕ್ಕೆ ಕಟ್ಟಿದ ತೂಕ ಕೆಳಗಿಳಿದಾಗ ಚಕ್ರ ತಿರುಗಿ, ಕಡಗೋಲು ಮಜ್ಜಿಗೆ ಕಡೆದ ಹಾಗೆ ನೀರನ್ನು ಕಡೆಯಿತು. ನೀರು ಒಂಚೂರು ಬಿಸಿಯಾಯಿತು. ಯಾಂತ್ರಿಕ ಶಕ್ತಿ ಎಲ್ಲೂ ಹೋಗಲಿಲ್ಲ, ಉಷ್ಣವಾಯಿತು! ಆ ಒಂಚೂರನ್ನು ಅಳೆಯಲು ಬಹಳ ಸೂಕ್ಷ್ಮವಾದ ಉಷ್ಣತಾಮಾಪಕ ಬೇಕಾಯಿತು. 1 ಪೌಂಡ್ ನೀರು 1 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಲು 772 ಪೌಂಡ್ ತೂಕ 1 ಅಡಿ ಇಳಿಯಬೇಕು ಎಂದು ಲೆಕ್ಕ ಕೊಟ್ಟರು. 1850ರಲ್ಲಿ ಅದೇ ರಾಯಲ್ ಸೊಸೈಟಿ ಈ ಪ್ರಯೋಗವನ್ನು ಪ್ರಕಟಿಸಿತು.

ಜೌಲ್ 1889ರ ಅಕ್ಟೋಬರ್ 11ರಂದು ತೀರಿಕೊಂಡರು. ಅವರ ಸಮಾಧಿಯ ಮೇಲೆ 772.55 ಎಂಬ ಸಂಖ್ಯೆ ಕೆತ್ತಿದ್ದಾರೆ. ಆಮೇಲೆ ಇನ್ನೂ ನಿಖರವಾಗಿ ಅಳೆದಾಗ ಅವರಿಗೆ ಸಿಕ್ಕಿದ ಸಂಖ್ಯೆ ಅದು.

ನಾವು ಅಂಗೈ ಉಜ್ಜಿದಾಗ ಬಿಸಿಯಾಗುವುದೂ ಇದೇ ನಿಯಮದಿಂದ. ಈಗಲೇ ಉಜ್ಜಿ ನೋಡಿ!