ಬೆಣ್ಣೆ ಚಾವಡಿ ಕಟ್ಟಿದ ಚಿಕ್ಕದೇವರಾಜ ಒಡೆಯರ್

ರಾಮನಗರ: ಮಾಗಡಿ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗೆ ರೇಟು ಕಟ್ಟೋರು ಚಿಕ್ಕದೇವರಾಜ ಒಡೆಯರ್ ಹೆಸರನ್ನೂ ಒಮ್ಮೆ ನೆನೆಯಬೇಕು. 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಅವರು 1704ರಲ್ಲಿ ತೀರಿಕೊಂಡರು. ಚನ್ನಪಟ್ಟಣ ಅವರಿಗಿಂತ ಮೊದಲೇ, 1630ರಲ್ಲೇ ಮೈಸೂರಿನ ಕೈ ಸೇರಿತ್ತು. ಮಾಗಡಿ ಸೇರಿದ್ದು ಅವರು ಹೋದ ಮೇಲೆ, 1728ರಲ್ಲಿ.

ಆಡಳಿತಕ್ಕೆ 18 ಇಲಾಖೆಗಳ ಅಠಾರಾ ಕಚೇರಿ ಮಾಡಿದ ದೊರೆ, ಅರಮನೆ ದನಗಳಿಗೂ ಬೆಣ್ಣೆ ಚಾವಡಿ ಅಂತ ಬೇರೆಯದೇ ಇಲಾಖೆ ಕಟ್ಟಿದರು. ಹಾಲು, ಬೆಣ್ಣೆ ಅರಮನೆಗೆ. ಅಲ್ಲಲ್ಲಿ ಹುಲ್ಲುಗಾವಲು ಗುರುತಿಸಿ ಕಾವಲು ಅಂತ ಮೀಸಲಿಟ್ಟರು. ಒಂದೇ ಕಡೆ ಮೇಯಿಸಿದರೆ ಹುಲ್ಲು ಬೇರು ಸಮೇತ ಹೋಗುತ್ತೆ. ಅದಕ್ಕೇ ಮುಂದೆ ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು ಬಂದವು. ನೆರಳು, ಕೆರೆ ನೀರು ಇರೋದು ಬೇಸಿಗೆಗೆ.

ಹಾಗಂತ ರೈತರಿಗೆ ಅವರ ಆಳ್ವಿಕೆ ತಂಪಾಗೇನೂ ಇರಲಿಲ್ಲ. ಕಂದಾಯದ ಹೊರೆಗೆ ರೈತರು ದಂಗೆ ಎದ್ದರು, ಅದನ್ನು ಕ್ರೂರವಾಗಿ ಅಡಗಿಸಲಾಯಿತು.

ಹಳ್ಳಿಕಾರ್ ಮೂಲದ ಇದೇ ಎತ್ತುಗಳನ್ನು ಕಟ್ಟಿಕೊಂಡು ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ನೆರವಿಗೆ ಹೋದ. ಟಿಪ್ಪು ಚಾವಡಿಗೆ ಅಮೃತ ಮಹಲ್ ಅಂತ ಹೆಸರಿಟ್ಟ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸೋಕೆ ಹಿಂಡನ್ನೇ ಮಾರಿಬಿಟ್ಟರು. ದಂಡಿಗೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಆ ತಳಿ ಸಾಕುವ ಕೇಂದ್ರ ಅಜ್ಜಂಪುರದಲ್ಲಿದೆ.